ಹಿಂತಿರುಗಿದ ಆನೆ

ನಾನು ಒಂದು ಆನೆ. ಎತ್ತರ ನಾಲ್ಕು ಸೆಂಟಿಮೀಟರ್, ತೂಕ ತೊಂಬತ್ತೊಂದು ಗ್ರಾಂ. ನನ್ನನ್ನು ಆಟಿಕೆ ಎನ್ನುವವರ ಜೊತೆ ವಾದಕ್ಕಿಳಿಯುವುದಿಲ್ಲ. ಆದರೆ ನಾನು ಯುದ್ಧ ಮಾಡಿದ್ದೇನೆ. ನನ್ನಿಂದಲೇ ಆದ ಸೋಲೊಂದಿದೆ. ಅದಕ್ಕಾಗಿ ಇದುವರೆಗೆ ಯಾರ ಕ್ಷಮೆಯನ್ನೂ ಕೇಳಿಲ್ಲ, ಕೇಳುವುದೂ ಇಲ್ಲ.

ಹುಟ್ಟಿದ್ದು ಬಾಗಲಕೋಟೆಯಲ್ಲಿ, ಮಾನಪ್ಪ ಪತ್ತಾರರ ಬೆಳ್ಳಿ ಅಂಗಡಿಯಲ್ಲಿ. ಅವರು ತವರ ಕರಗಿಸಿ ಅಚ್ಚಿಗೆ ಹೊಯ್ದರು. ಅಚ್ಚು ಬಿಚ್ಚಿದಾಗ ನನ್ನ ಎಡ ಹಿಂಗಾಲಿನಲ್ಲಿ ಸಾಸಿವೆ ಕಾಳಿನಷ್ಟು ಕುಳಿ ಕಂಡಿತು. ಒಳಗೆ ಗಾಳಿಗುಳ್ಳೆ ಸಿಕ್ಕಿಕೊಂಡಿತ್ತು.

“ಇದನ್ನ ಮತ್ತ ಕರಗಸ್ತೀನ್ರಿ, ಅಕ್ಕಾರ,” ಎಂದರು ಪತ್ತಾರರು.

“ಬ್ಯಾಡ್ರಿ. ಯುದ್ಧದ ಆನಿ, ಮೈಮ್ಯಾಲೆ ಒಂದು ಗಾಯ ಇರ್ಲಿ,” ಎಂದು ನನ್ನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡವರು ಇಂದುಮತಿ ಸಿದ್ನಾಳ, ಊರಿನ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿ.

ಪ್ರತಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವರೂ ಇತಿಹಾಸದ ಫಕೀರಪ್ಪ ಹೊಸಮನಿ ಸರ್ ಅವರೂ ಸಭಾಂಗಣದ ದೊಡ್ಡ ಮೇಜಿನ ಮೇಲೆ ಹಳೆಯ ಯುದ್ಧಗಳನ್ನು ಮತ್ತೆ ಹೂಡುತ್ತಿದ್ದರು. ಒಂದು ಗೊಂಬೆ ಎಂದರೆ ನೂರು ಸೈನಿಕರು. ನಡಿಗೆಗೆ ಅಳತೆಪಟ್ಟಿ, ಹೊಡೆತಕ್ಕೆ ದಾಳ. ನನ್ನನ್ನು ತಂದಿದ್ದು ನರ್ಮದೆಯ ದಂಡೆಯ ಯುದ್ಧಕ್ಕೆ. ಇಂದುಮತಿಯವರದು ಪುಲಕೇಶಿಯ ಕಡೆ, ಹೊಸಮನಿಯವರದು ಹರ್ಷನ ಕಡೆ. ಎಂಬತ್ತನಾಲ್ಕು ಗೊಂಬೆಗಳು ಶಾಲೆ ನಡೆಸುವ ಸಂಸ್ಥೆಯ ಸ್ವತ್ತು. ನಾನೊಬ್ಬನೇ ಇಂದುಮತಿಯವರ ಸ್ವಂತ.

ಚಾಲುಕ್ಯರ ಆನೆಗಳಿಗೆ ಯುದ್ಧಕ್ಕೆ ಮೊದಲು ಮದ್ಯ ಕುಡಿಸುತ್ತಿದ್ದರೆಂದು ಚೀನಾದ ಯಾತ್ರಿಕನೊಬ್ಬ ಬರೆದಿದ್ದಾನೆ. ಇಂದುಮತಿ ಅದನ್ನೇ ನಿಯಮ ಮಾಡಿದರು. ಅಮಲೇರಿದ ಆನೆಯ ಹೊಡೆತ ಇಮ್ಮಡಿ. ಆದರೆ ದಾಳದಲ್ಲಿ ಒಂದು ಬಿದ್ದರೆ ಅದು ತಿರುಗಿ ತನ್ನವರನ್ನೇ ತುಳಿಯುತ್ತದೆ. ದಾಳ ಸರಿಯಾಗಿದೆಯೇ ಎಂದು ತಿಳಿಯಲು ಅದನ್ನು ಆರುನೂರು ಸಲ ಎಸೆದು, ಪ್ರತಿ ಸಲ ಬಿದ್ದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ನಾನು ಅದರ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಮೂರು ಸಂಜೆ ಹಿಡಿಯಿತು.

ಆ ವರ್ಷದ ವಾರ್ಷಿಕೋತ್ಸವದಲ್ಲಿ ನಮ್ಮ ಯುದ್ಧವೇ ಪ್ರದರ್ಶನ. ಸಂಸ್ಥೆಯ ಅಧ್ಯಕ್ಷರಾದ ಬಸಲಿಂಗಪ್ಪನವರು ಅತಿಥಿಗಳನ್ನು ಕರೆತಂದು ಮೇಜಿನ ಸುತ್ತ ಕೂರಿಸಿದರು. ಪುಲಕೇಶಿ ಗೆಲ್ಲುವ ಹೊತ್ತಿಗೆ ಸರಿಯಾಗಿ ಚಪ್ಪಾಳೆ ತಟ್ಟಬೇಕೆಂದು ಮಕ್ಕಳಿಗೆ ಮೊದಲೇ ಹೇಳಿಯಾಗಿತ್ತು. ಇಂದುಮತಿ ನನ್ನನ್ನು ಹದಿನೆಂಟು ಸೆಂಟಿಮೀಟರ್ ಮುಂದೆ ಸರಿಸಿ ದಾಳ ಎಸೆದರು.

ಒಂದು ಬಿತ್ತು.

ನಾನು ತಿರುಗಿದೆ. ನಮ್ಮದೇ ಈಟಿಯವರ ಎರಡು ಸಾಲು ಮಲಗಿತು. ಆ ಸಂದಿಯಲ್ಲಿ ಹರ್ಷನ ಕುದುರೆಗಳು ನುಗ್ಗಿದವು. ಅತಿಥಿಗಳಲ್ಲಿ ಯಾರೋ ನಕ್ಕರು. ಮಕ್ಕಳು ಏನು ಮಾಡಬೇಕೆಂದು ತಿಳಿಯದೆ ಚಪ್ಪಾಳೆ ತಟ್ಟಿಬಿಟ್ಟರು.

“ಇನ್ನೊಮ್ಮೆ ಒಗೀರಿ, ಟೀಚರ,” ಎಂದರು ಅಧ್ಯಕ್ಷರು.

“ಒಮ್ಮೆ ಒಗದ್ರ ಮುಗೀತ್ರಿ.”

ಹೊಸಮನಿ ಸರ್ ಮೆಲ್ಲಗೆ, “ಒಗೀರಿ ಮೇಡಂ, ನಂದೇನೂ ತಕರಾರಿಲ್ಲ,” ಎಂದರು.

“ಸರ್, ನೀವು ಗೆದ್ದೀರಿ. ಸುಮ್ನ ಕೂಡ್ರಿ.”

“ದಾಳದಾಗ ಏನರ ಐಬು ಇರಬೇಕು,” ಎಂದರು ಅಧ್ಯಕ್ಷರು. ಇಂದುಮತಿ ನೋಟ್‌ಬುಕ್ ತೆರೆದು ಅವರ ಮುಂದಿಟ್ಟರು. ಆರುನೂರರಲ್ಲಿ ಒಂದು ಬಿದ್ದದ್ದು ತೊಂಬತ್ತೇಳು ಸಲ. ಅವರು ಅದನ್ನು ನೋಡಲಿಲ್ಲ.

“ಪುಲಕೇಶಿ ಸೋತಾನಂತ ಎಲ್ಲಿ ಬರದೈತ್ರಿ?”

“ಎಲ್ಲೂ ಬರದಿಲ್ರಿ. ಆದ್ರ ಅವತ್ತು ಮುಂಜಾನೆ, ಗೆಲ್ತಾನಂತನೂ ಎಲ್ಲೂ ಬರದಿದ್ದಿಲ್ಲ. ಸೋಲಬಹುದಂತ ಗೊತ್ತಿದ್ದೂ ಮುಂದ ಹೋದ್ರಲ್ರಿ, ಅದನ್ನ ಮಕ್ಕಳಿಗೆ ತೋರಸಾಕ ಈ ಆಟ.”

ಸೋಮವಾರ ತೀರ್ಮಾನ ಬಂತು. ಆನೆಯ ನಿಯಮ ಬಿಡಬೇಕು, ಇಲ್ಲವೇ ಸೈನ್ಯವನ್ನೂ ಮೇಜನ್ನೂ ಬಿಡಬೇಕು. ಇಂದುಮತಿ ಎಂಬತ್ತನಾಲ್ಕು ಗೊಂಬೆಗಳನ್ನು ಎಣಿಸಿ ಒಪ್ಪಿಸಿದರು. ಹನ್ನೊಂದು ವರ್ಷ ಕಟ್ಟಿದ ಸೈನ್ಯ ಅದು. ಪ್ರತಿಯೊಂದರ ಗುರಾಣಿಗೂ ಅವರೇ ಬಣ್ಣ ಬಳಿದಿದ್ದರು. ನನ್ನನ್ನು ಅದೇ ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಬಿದ್ದರು. ದಾರಿಯುದ್ದಕ್ಕೂ ಅವರ ಮುಷ್ಟಿ ಬಿಗಿಯಾಗಿಯೇ ಇತ್ತು. ನನ್ನ ಒಂದು ದಂತ ಮುರಿದದ್ದು ಆಗಲೇ.

ಈಗ ಆ ಸೈನ್ಯ ಸಭಾಂಗಣದ ಗಾಜಿನ ಪೆಟ್ಟಿಗೆಯಲ್ಲಿದೆಯಂತೆ. ಪ್ರತಿ ಪಾದಕ್ಕೂ ಅಂಟು ಹಾಕಿದ್ದಾರೆ. ಹರ್ಷನ ಕಡೆಯವರು ಬಿದ್ದಿದ್ದಾರೆ, ನಮ್ಮವರು ನಿಂತಿದ್ದಾರೆ. ನನ್ನ ಜಾಗದಲ್ಲಿ ನನಗಿಂತ ದೊಡ್ಡದಾದ ಗಾರೆಯ ಆನೆಯೊಂದು ಸೊಂಡಿಲೆತ್ತಿಕೊಂಡಿದೆಯಂತೆ.

ಸೈನ್ಯ ಒಪ್ಪಿಸಿದ ಆ ವಾರದ ಶನಿವಾರ ಹೊಸಮನಿ ಸರ್ ಇಂದುಮತಿಯವರ ಮನೆಗೆ ಒಂದು ಡಬ್ಬಿ ಹಿಡಿದು ಬಂದರು. ಅದರ ತುಂಬ ಹುಣಸೆ ಬೀಜ.

“ಕರೇವು ಹರ್ಷನ ಕಡೆ. ಸಿಪ್ಪಿ ತೆಗದು ಬೆಳ್ಳಗ ಮಾಡಿದ್ದು ನಿಮ್ಮ ಕಡೆ. ಹೆಂಡ್ತಿ ಬೈಯಾಕತ್ತಾಳ, ಮೂರು ದಿನದಿಂದ ಇದ ಉದ್ಯೋಗ ಅಂತ.”

“ಆನಿ ನಿಯಮ, ಸರ್?”

“ಅದು ಹಂಗ ಇರ್ಲಿ. ನನಗೂ ಗೆಲ್ಲಾಕ ಒಂದು ದಾರಿ ಬೇಕಲ್ರಿ.”

ಇಂದುಮತಿ ಆ ವಾರದಲ್ಲಿ ಮೊದಲ ಸಲ ನಕ್ಕರು.

ಇದಾಗಿ ಹತ್ತೊಂಬತ್ತು ವರ್ಷ. ಇಬ್ಬರೂ ನಿವೃತ್ತರು. ನನ್ನ ಬೆನ್ನಿನ ಬಣ್ಣ ಸವೆದು ತವರ ಕಾಣುತ್ತದೆ. ಕಾಲಿನ ಕುಳಿ ಕಪ್ಪಾಗಿದೆ. ವಾರವಿಡೀ ಅಡುಗೆಮನೆಯ ಕಿಟಕಿಯಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿರುತ್ತೇನೆ. ಶನಿವಾರ ಮಾತ್ರ ಹುಣಸೆ ಬೀಜಗಳ ಸೈನ್ಯಕ್ಕೆ ಮುಂದಾಳು. ಇದುವರೆಗೆ ನೂರಾರು ಸಲ ಮುನ್ನುಗ್ಗಿದ್ದೇನೆ. ಎಷ್ಟೋ ಸಲ ತಿರುಗಿದ್ದೇನೆ. ಅವೂ ನೋಟ್‌ಬುಕ್ಕಿನಲ್ಲಿವೆ.

ಗಾಜಿನೊಳಗಿನ ಆನೆಗೆ ಹಾಗೆ ತಿರುಗುವ ಭಯವಿಲ್ಲ. ಅದು ಗೆದ್ದೇ ಇದೆ. ಅದಕ್ಕೆ ಒಂದು ಹೆಜ್ಜೆಯನ್ನೂ ಇಡಬೇಕಾಗಿಲ್ಲ. ನನ್ನ ಪಾದಕ್ಕೆ ಅಂಟಿಲ್ಲ. ಇವತ್ತು ಶನಿವಾರ. ಹೊಸಮನಿ ಸರ್ ಚಪ್ಪಲಿ ಬಿಡುವ ಸದ್ದು ಕೇಳಿಸಿತು. ಇನ್ನು ಸ್ವಲ್ಪ ಹೊತ್ತಿಗೆ ಇಂದುಮತಿಯವರ ಬೆರಳು ನನ್ನನ್ನು ಹದಿನೆಂಟು ಸೆಂಟಿಮೀಟರ್ ಮುಂದೆ ಸರಿಸುತ್ತದೆ. ದಾಳ ಉರುಳುತ್ತದೆ. ನಾನು ಇವತ್ತೂ ಸೋಲಬಲ್ಲೆ.