ಕರೆಂಟು ಹೋದಾಗ ಕೇಳಿದ ದನಿ

ನಾನು ಒಂದು ಟೇಪ್ ರೆಕಾರ್ಡರ್. ಚಪ್ಪಲಿ ಡಬ್ಬಿಯಷ್ಟು ಉದ್ದ, ಕಪ್ಪು ಮೈ, ಎತ್ತಿಕೊಂಡು ಹೋಗಲು ಒಂದು ಹಿಡಿಕೆ. ನನಗೆ ಅಂಗೈ ಅಗಲದ ಒಂದು ಬಾಯಿ ಇದೆ, ಸಾಸಿವೆ ಕಾಳಿನಷ್ಟು ಒಂದು ಕಿವಿ ಇದೆ. ನನ್ನನ್ನು ಜೋಡಿಸಿದವರು ಕಾರ್ಖಾನೆಯ ಉದ್ದನೆಯ ಮೇಜಿನ ಎರಡೂ ಬದಿ ಕೂತ ಹೆಣ್ಣುಮಕ್ಕಳು. ಒಬ್ಬಳು ಮೋಟರು ಕೂಡಿಸಿದಳು, ಇನ್ನೊಬ್ಬಳು ರಬ್ಬರ್ ಬೆಲ್ಟು ಹಾಕಿದಳು. ಕೊನೆಯವಳು ಕೆಂಪು ಗುಂಡಿ ಒತ್ತಿ, ನನ್ನ ಕಿವಿಯಲ್ಲಿ ಒಂದು, ಎರಡು, ಮೂರು ಎಂದು ಹೇಳಿ, ಅದನ್ನೇ ನನ್ನ ಬಾಯಿಂದ ಕೇಳಿ ಚೀಟಿ ಅಂಟಿಸಿದಳು. ನಾನು ಮೊದಲು ಹಿಡಿದಿಟ್ಟ ದನಿ ಅವಳದು. ಹೆಸರು ಗೊತ್ತಿಲ್ಲ. ಆಗ ಅದೊಂದು ದೊಡ್ಡ ವಿಷಯ ಎಂದು ನನಗೂ ಅನ್ನಿಸಿರಲಿಲ್ಲ.

ಹುಬ್ಬಳ್ಳಿಯ ಅಂಗಡಿಯಿಂದ ನನ್ನನ್ನು ಕೊಂಡು ರೋಣಕ್ಕೆ ಒಯ್ದವರು ಶ್ರೀಪಾದರಾವ್ ಎಂಬ ಕಚೇರಿ ಗುಮಾಸ್ತರು. ಅವರಿಗೆ ಸಂಗೀತದ ಹುಚ್ಚೇನೂ ಇರಲಿಲ್ಲ, ಭಾಷಣದ ಹುಚ್ಚು ಇತ್ತು. ಯಾರಿಗೆ ವರ್ಗವಾದರೂ, ಯಾರು ನಿವೃತ್ತರಾದರೂ ಎರಡು ಮಾತು ಆಡಲು ಎದ್ದು ನಿಲ್ಲುವ ಮನುಷ್ಯ. ಮನೆಯಲ್ಲಿ ಅಭ್ಯಾಸ ಮಾಡಲೆಂದು ನನ್ನನ್ನು ತಂದು, ಬಾಗಿಲು ಹಾಕಿಕೊಂಡು, ಒಂದು ಬೀಳ್ಕೊಡುಗೆ ಭಾಷಣವನ್ನು ಪೂರ್ತಿ ನನ್ನ ಕಿವಿಗೆ ಸುರಿದರು. ಆಮೇಲೆ ತಮ್ಮ ದನಿಯನ್ನು ತಾವೇ ಕೇಳಿ ಮುಖ ಸಣ್ಣ ಮಾಡಿಕೊಂಡರು. ಇದು ನನ್ನ ದನಿಯೇ ಅಲ್ಲ, ಯಂತ್ರದ್ದೇ ದೋಷ ಎಂದು ಹೆಂಡತಿಗೆ ಹೇಳಿ ನನ್ನನ್ನು ಕಪಾಟಿಗೆ ಸೇರಿಸಿದರು. ಆರು ವರ್ಷ ನಾನು ನುಸಿಗುಳಿಗೆಯ ವಾಸನೆ ಕುಡಿದುಕೊಂಡು ಬಿದ್ದಿದ್ದೆ. ಅವರಿಗೇ ವರ್ಗವಾದಾಗ ಸಾಮಾನು ಹಗುರ ಮಾಡಲು ಅವರ ಹೆಂಡತಿ ನನ್ನನ್ನು ಹಿಟ್ಟಿನ ಗಿರಣಿಯ ನೀಲಗಂಗವ್ವನಿಗೆ ಕೊಟ್ಟುಬಿಟ್ಟರು.

ನನ್ನ ಜೀವನ ಶುರುವಾದದ್ದು ಅಲ್ಲಿ ಎಂದು ಹೇಳಿದರೂ ತಪ್ಪಿಲ್ಲ.

ಗಿರಣಿ ಅಂದರೆ ಒಂದೇ ಕೋಣೆ. ಒಂದು ಮೋಟರು, ಮೇಲೆ ಹರಿದಾಡುವ ಪಟ್ಟಾ, ಕೆಳಗೆ ಬೀಸುವ ಕಲ್ಲು. ಸವೆದ ಕಲ್ಲಿಗೆ ಉಳಿಯಿಂದ ಹಲ್ಲು ಹೊಡೆಯುವುದು, ಕಾಳು ಸುರಿಯುವುದು ಗಂಡ ಫಕ್ಕೀರಪ್ಪನ ಕೆಲಸ. ಡಬ್ಬಿ ಇಳಿಸಿಕೊಳ್ಳುವುದು, ಅದರ ಮೇಲೆ ಹೆಸರು ಬರೆಯುವುದು, ಹಿಟ್ಟು ತುಂಬಿ ಕೊಡುವುದು ನೀಲಗಂಗವ್ವನದು. ಯಾವ ಡಬ್ಬಿ ಬಂದರೂ ಅವಳು ಮೊದಲು ನೀಲಿ ಸೀಮೆಸುಣ್ಣದಲ್ಲಿ ಹೆಸರು ಗೀಚುತ್ತಿದ್ದಳು. ಹೆಸರಿಲ್ಲದ ಡಬ್ಬಿಯನ್ನು ಹೊಸ್ತಿಲಿನೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಒಬ್ಬರ ಜೋಳ ಇನ್ನೊಬ್ಬರ ಮನೆಯ ರೊಟ್ಟಿಯಾದರೆ ಆಮೇಲೆ ಯಾರ ಬಾಯಿಗೆ ಬೀಗ ಹಾಕುವುದು?

ಅವಳಿಗೆ ಹಾಡು ಕೇಳುವ ಹಸಿವು ವಿಪರೀತ. ಓದಿದ್ದು ನಾಲ್ಕನೇ ಇಯತ್ತೆ, ರಾಗ ತಾಳದ ಹೆಸರು ಒಂದೂ ಗೊತ್ತಿಲ್ಲ. ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡುವ ಹಾಗೆ ದನಿಯನ್ನು ನೋಡುತ್ತಿದ್ದಳು. ಈ ದನಿ ನುಣುಪು, ಇದರಲ್ಲಿ ಸ್ವಲ್ಪ ತರಿ ಇದೆ, ಇದು ಬಿಸಿಯಾಗಿ ಕಮರಿದೆ. ಆದರೆ ಗಿರಣಿ ನಡೆಯುವಾಗ ಎದುರು ನಿಂತವರ ಮಾತೇ ಕೇಳಿಸದು, ಇನ್ನು ಹಾಡೆಲ್ಲಿ ಬಂತು. ಹಾಗಾಗಿ ಕರೆಂಟು ಹೋದಾಗಲೇ ಅವಳ ಕಛೇರಿ. ಊರೆಲ್ಲ ಕರೆಂಟಿನವರಿಗೆ ಶಾಪ ಹಾಕುವ ಹೊತ್ತಿಗೆ ಅವಳು ಒಳಗೊಳಗೇ ಹಿಗ್ಗಿ, ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡು, ಸೆಲ್ಲಿನ ರೇಡಿಯೋ ಹಚ್ಚುತ್ತಿದ್ದಳು.

ರೇಡಿಯೋಗೆ ಬಾಯಿ ಮಾತ್ರ, ಕಿವಿ ಇಲ್ಲ. ಹೇಳಿದ್ದನ್ನು ಮತ್ತೊಮ್ಮೆ ಹೇಳು ಎಂದರೆ ಹೇಳಲಾರದು. ಅದಕ್ಕೇ ನಾನು ಬೇಕಾದೆ. ಜೋಳದ ಚೀಲದ ಮೇಲೆ ನಮ್ಮಿಬ್ಬರನ್ನೂ ಮುಖಾಮುಖಿ ಕೂಡಿಸಿ, ಒಳ್ಳೆಯ ದನಿ ಬಂದರೆ ಕೆಂಪು ಗುಂಡಿ ಒತ್ತುತ್ತಿದ್ದಳು. ನಿರೂಪಕರ ಮಾತು ಬಂದ ಕೂಡಲೇ ಗುಂಡಿ ಎತ್ತಿಬಿಡುತ್ತಿದ್ದಳು. ರೀಲು ಮುಗಿದು ಹೋಗುತ್ತದೆ, ಮಾತಿಗೆಲ್ಲ ಯಾಕೆ ಸವೆಸುವುದು ಎಂಬ ಲೆಕ್ಕ. ಹಾಡಿದವರ ಹೆಸರನ್ನು ಕಿವಿಯಲ್ಲಿ ಹಿಡಿದು, ಮೋಟರಿನ ಹಿಂದಿನ ಸುಣ್ಣದ ಗೋಡೆಯ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ಅಲ್ಲಿ ದೇಶವೆಲ್ಲ ಬಲ್ಲ ದೊಡ್ಡವರೂ ಇದ್ದರು, ಒಂದೇ ಸಲ ಹಾಡಿ ಮರೆಯಾದವರೂ ಇದ್ದರು. ಗೋಡೆಗೆ ಎಲ್ಲರೂ ಒಂದೇ. ಸೆಲ್ಲು ಸೊರಗಿದರೆ ಬಿಸಿಲಿಗಿಟ್ಟು ಮತ್ತೆರಡು ದಿನ ದುಡಿಸುತ್ತಿದ್ದಳು. ರೀಲನ್ನು ಪೆನ್ಸಿಲಿಗೆ ಸಿಕ್ಕಿಸಿ ಕೈಯಲ್ಲೇ ತಿರುವುತ್ತಿದ್ದಳು. ನನ್ನ ಬಾಯಿ ಮುಚ್ಚುವಷ್ಟು ಹಿಟ್ಟು ಕೂತರೆ ಬಣ್ಣ ಹಚ್ಚುವ ಕುಂಚದಿಂದ ಝಾಡಿಸುತ್ತಿದ್ದಳು. ನನಗೆ ಕಚಗುಳಿಯಾಗುತ್ತಿತ್ತು.

ಒಂದು ಬೇಸಿಗೆಯ ಮಧ್ಯಾಹ್ನ ಕರೆಂಟು ಹೋಯಿತು. ಒಬ್ಬಾಕೆ ಬಂದು ತನ್ನ ಗೋಧಿಯಲ್ಲಿ ಬೇರೆಯವರ ಗೋಧಿ ಸೇರಿದೆ ಎಂದು ವಾದಕ್ಕೆ ನಿಂತಳು. ಅವಳನ್ನು ಸಮಾಧಾನ ಮಾಡಿ ಕಳಿಸಿ ನೀಲಗಂಗವ್ವ ರೇಡಿಯೋ ಹಚ್ಚುವಷ್ಟರಲ್ಲಿ ಹಾಡು ಆಗಲೇ ಶುರುವಾಗಿತ್ತು. ಒಬ್ಬ ಹೆಂಗಸಿನ ದನಿ. ತತ್ವಪದ. ಮೇಲಕ್ಕೆ ಹೋಗುವಾಗ ಅವಸರವಿಲ್ಲ, ಇಳಿಯುವಾಗ ಭಯವಿಲ್ಲ. ದನಿಯಲ್ಲಿ ಒಂದಿಷ್ಟು ತರಿ, ಅದೇ ರುಚಿ. ನೀಲಗಂಗವ್ವ ಕೆಂಪು ಗುಂಡಿ ಒತ್ತಿದವಳು ಕೈಯನ್ನು ನನ್ನ ಮೇಲಿಂದ ತೆಗೆಯಲೇ ಇಲ್ಲ. ಇಷ್ಟು ವರ್ಷ ಎಷ್ಟೋ ಕೇಳಿದ್ದಳು, ಇಂಥದ್ದು ಕೇಳಿರಲಿಲ್ಲ. ಶುರುವಿನಲ್ಲಿ ಹೆಸರು ತಪ್ಪಿತು, ಕೊನೆಗೆ ಹೇಳುತ್ತಾರಲ್ಲ ಎಂದು ಕಾದಳು.

ಇಲ್ಲಿ ಫಕ್ಕೀರಪ್ಪನ ಒಂದು ಜಾಣತನ ಹೇಳಬೇಕು. ಕರೆಂಟು ಹೋದರೆ ಮೋಟರಿನ ಗುಂಡಿ ತಾನಾಗಿ ಬಿಟ್ಟುಕೊಳ್ಳುತ್ತದೆ, ಬಂದಾಗ ಯಾರಾದರೂ ಹೋಗಿ ಒತ್ತಬೇಕು. ಅಷ್ಟು ಹೊತ್ತೂ ಹಾಳಾಗಬಾರದೆಂದು ಅವನು ಗುಂಡಿ ಬಿಟ್ಟುಕೊಳ್ಳದಂತೆ ಒಂದು ಬೇವಿನ ಕಡ್ಡಿ ಸಿಕ್ಕಿಸಿಟ್ಟು, ಚಹಾ ಕುಡಿಯಲು ಹೋಗುತ್ತಿದ್ದ. ಕರೆಂಟು ಬಂದ ಕ್ಷಣವೇ ಗಿರಣಿ ಎದ್ದು ಕೂಗುತ್ತಿತ್ತು. ಆ ದಿನವೂ ಹಾಗೇ ಆಯಿತು. ಹಾಡಿನ ಕೊನೆಯ ನುಡಿ ಶುರುವಾಗುವ ಹೊತ್ತಿಗೆ ಗಿರಣಿ ಗರ್ ಎಂದಿತು, ನಿಂತಿತು. ಮತ್ತೆ ಗರ್ ಎಂದಿತು, ನಿಂತಿತು. ಮೂರನೇ ಸಲ ಎದ್ದದ್ದು ನಿಲ್ಲಲಿಲ್ಲ. ನೀಲಗಂಗವ್ವ ಓಡಿಹೋಗಿ ಕಡ್ಡಿ ಕಿತ್ತು, ಮೋಟರು ನಿಲ್ಲಿಸಿ, ಓಡಿಬರುವಷ್ಟರಲ್ಲಿ ರೇಡಿಯೋದಲ್ಲಿ ಸೋಯಾ ಬೆಳೆಯ ಕೀಟದ ಬಗ್ಗೆ ಯಾರೋ ಮಾತಾಡುತ್ತಿದ್ದರು.

ಚಹಾ ಕುಡಿದು ಬಂದ ಫಕ್ಕೀರಪ್ಪನಿಗೆ ಆ ಕಡ್ಡಿ ಎರಡು ತುಂಡಾಗಿ ಸಿಕ್ಕಿತು. ಮೂರು ದಿನ ಅವನ ತಾಟಿಗೆ ರೊಟ್ಟಿ ಬಿತ್ತು, ಮಾತು ಬೀಳಲಿಲ್ಲ.

ಕ್ಯಾಸೆಟ್ಟಿನ ಚೀಟಿಯ ಮೇಲೆ ಎಲ್ಲ ಹಾಡಿನ ಮುಂದೆಯೂ ಹೆಸರು ಬಂತು, ಅದೊಂದರ ಮುಂದೆ ಬರಲಿಲ್ಲ. ಯಾರೂ ಅದರ ಮೇಲೆ ಬೇರೆ ತುಂಬದಿರಲೆಂದು ಕ್ಯಾಸೆಟ್ಟಿನ ಬೆನ್ನಿನ ಸಣ್ಣ ಹಲ್ಲನ್ನು ಮುರಿದುಹಾಕಿದಳು. ಆಮೇಲೆ ಹುಡುಕಾಟ. ಭಜನೆಗೆ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರಿಗೆ ಕೇಳಿಸಿದಳು. ಅವರು ಇದು ಭೀಮಪಲಾಸ ಎಂದು ರಾಗದ ಹೆಸರು ಹೇಳಿದರು, ಹಾಡಿದವಳ ಹೆಸರು ಮಾತ್ರ ತಿಂಗಳಿಗೊಂದು ಹೇಳಿದರು. ಬಾನುಲಿ ಕೇಂದ್ರಕ್ಕೆ ಕಾರ್ಡು ಬರೆದಳು. ದಿನಾಂಕ, ವೇಳೆ ತಿಳಿಸಿದರೆ ನೋಡಿ ಹೇಳುತ್ತೇವೆ ಎಂದು ಮರ್ಯಾದೆಯ ಉತ್ತರ ಬಂತು. ದಿನಾಂಕ ಯಾರಿಗೆ ಗೊತ್ತು? ಬೇಸಿಗೆ ಎಂದಷ್ಟೇ ನೆನಪು, ಅದು ಯಾವ ತಿಂಗಳೋ.

ಆ ದನಿ ಮತ್ತೆ ಬಂದೀತೆಂದು ಅವಳು ಕರೆಂಟು ಹೋದಾಗಲೆಲ್ಲ ಕಾದು ಕೂತಳು. ಬರಲಿಲ್ಲ. ಆದರೆ ಅದನ್ನು ಹುಡುಕುವಾಗ ಬೇರೆ ಬೇರೆ ದನಿಗಳು ಸಿಗುತ್ತ ಹೋದವು. ಬಿಜಾಪುರದ ಕಡೆಯ ಒಬ್ಬ ಕುರುಡ ಗಾಯಕ, ಶಹನಾಯಿ ಊದುವ ಅಣ್ಣತಮ್ಮಂದಿರು, ಆಗಷ್ಟೇ ಹಾಡಲು ಶುರು ಮಾಡಿದ ಒಬ್ಬ ಕಾಲೇಜು ಹುಡುಗಿ. ಎಲ್ಲರನ್ನೂ ಪ್ರೀತಿಯಿಂದ ಗೋಡೆಗೇರಿಸಿದಳು. ಗೋಡೆಯ ನಡುವೆ ಒಂದು ಗೇಣು ಜಾಗ ಮಾತ್ರ ಖಾಲಿ ಇತ್ತು. ಫಕ್ಕೀರಪ್ಪ ಸುಣ್ಣ ಹೊಡೆಯುತ್ತೇನೆಂದು ಎರಡು ಸಲ ಬಂದು ಎರಡು ಸಲವೂ ಬಕೆಟ್ ಎತ್ತಿಕೊಂಡು ಹಿಂದೆ ಹೋದ.

ಹೀಗೆ ಒಂಬತ್ತು ವರ್ಷ. ಒಂದು ದಿನ ಲೈನ್‌ಮನ್ ಹುಸೇನಸಾಬ ಗೋಧಿ ಹಾಕಿಸಲು ಬಂದ. ನಿವೃತ್ತಿಯಾಗಿ ಎರಡು ವರ್ಷವಾಗಿತ್ತು. ಅವನ ಡಬ್ಬಿಯ ಸರದಿ ಬರುವಷ್ಟರಲ್ಲಿ ಕರೆಂಟು ಹೋಯಿತು. ತನ್ನ ಇಲಾಖೆಯನ್ನು ತಾನೇ ಬೈದುಕೊಳ್ಳುತ್ತ ಕಟ್ಟೆಯ ಮೇಲೆ ಕೂತ. ನೀಲಗಂಗವ್ವ ಆ ಕ್ಯಾಸೆಟ್ಟು ಹಾಕಿದಳು. ಹಾಡು ನಡೆಯುವಾಗ ಅವನು ಗೋಧಿಯ ಕಲ್ಲು ಆರಿಸುತ್ತಿದ್ದ. ಕ್ಯಾಸೆಟ್ಟಿನೊಳಗಿನ ಗಿರಣಿ ಗರ್ ಎಂದು ನಿಂತು, ಗರ್ ಎಂದು ನಿಂತು, ಮೂರನೇ ಸಲ ಎದ್ದಾಗ ಅವನ ಕೈ ನಿಂತಿತು. ಇನ್ನೊಮ್ಮೆ ಹಾಕಲು ಹೇಳಿ, ನನ್ನ ಬಾಯಿಗೆ ಕಿವಿ ಹಚ್ಚಿ ಕೇಳಿದ.

“ಅಕ್ಕಾರ, ಇದು ನಾ ಕೊಟ್ಟ ಕರೆಂಟ್ ಐತ್ರಿ,” ಎಂದ.

ನೀಲಗಂಗವ್ವನಿಗೆ ತಲೆಬುಡ ತಿಳಿಯಲಿಲ್ಲ. ಅವನೇ ಬಿಡಿಸಿ ಹೇಳಿದ. ಆ ದಿನ ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಹೊಸದನ್ನು ಕೂಡಿಸಿದವನು ಅವನೇ. ಎರಡು ಸಲ ಕೊಟ್ಟು ತೆಗೆದು, ತಂತಿ ಬಿಗಿ ಮಾಡಿ, ಮೂರನೇ ಸಲ ಪೂರ್ತಿ ಕೊಟ್ಟಿದ್ದ. ಇಡೀ ನೌಕರಿಯಲ್ಲಿ ಈ ಓಣಿಗೆ ಹಾಗೆ ಮಾಡಿದ್ದು ಅದೊಂದೇ ಸಲ. ಎಷ್ಟು ಹೊತ್ತಿಗೆ ತೆಗೆದೆ, ಎಷ್ಟು ಹೊತ್ತಿಗೆ ಕೊಟ್ಟೆ ಎಂದು ಜನ ಜಗಳ ತೆಗೆಯುತ್ತಾರೆಂದು ಅವನು ದಿನವೂ ಕಿಸೆಯ ಡೈರಿಯಲ್ಲಿ ಬರೆದಿಡುತ್ತಿದ್ದ. ಡೈರಿಗಳೆಲ್ಲ ಮನೆಯ ಟ್ರಂಕಿನಲ್ಲಿದ್ದವು. ಸಂಜೆಗೆ ಒಂದನ್ನು ಹುಡುಕಿ ತಂದ. ಏಪ್ರಿಲ್ ಹತ್ತೊಂಬತ್ತು, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ಇಪ್ಪತ್ತಾರು ನಿಮಿಷ.

ಮತ್ತೊಂದು ಕಾರ್ಡು ಹೋಯಿತು. ಹದಿನೆಂಟು ದಿನಕ್ಕೆ ಉತ್ತರ ಬಂತು. ಹಾಡಿದವರು ಕಾಶಮ್ಮ ಹೂಗಾರ, ಊರು ಮುಂಡರಗಿ. ನೀಲಗಂಗವ್ವ ಅದನ್ನು ನಾಲ್ಕು ಸಲ ಓದಿದಳು. ಗೋಡೆಯ ಮೇಲೆ ಬರೆಯಲು ಸೀಮೆಸುಣ್ಣ ಎತ್ತಿ ಮತ್ತೆ ಕೆಳಗಿಟ್ಟಳು. ಮರುದಿನ ನನ್ನನ್ನು ಹಿಟ್ಟಿನ ಚೀಲದಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸು ಹತ್ತಿದಳು.

ಹೂಗಾರ ಓಣಿಯಲ್ಲಿ ಹಾಡುವ ಕಾಶಮ್ಮ ಎಂದರೆ ಯಾರಿಗೂ ತಿಳಿಯಲಿಲ್ಲ, ಪತ್ರಿ ಕೊಡುವ ಕಾಶಮ್ಮ ಎಂದಾಗ ಮನೆ ತೋರಿಸಿದರು. ಬೆಳಗ್ಗೆ ಮನೆಮನೆಗೆ ಹೂವು, ಬಿಲ್ವಪತ್ರಿ ಕೊಟ್ಟು ಬಂದು ಆಕೆ ಜಗಲಿಯಲ್ಲಿ ಮಾಲೆ ಕಟ್ಟುತ್ತಿದ್ದಳು. ಐವತ್ತರ ಹತ್ತಿರದ ಹೆಂಗಸು. ರೇಡಿಯೋದಲ್ಲಿ ಹಾಡಿದ್ದು ನಾಲ್ಕೇ ಸಲವಂತೆ. ಕರೆದುಕೊಂಡು ಹೋಗಿ ತಬಲಾ ನುಡಿಸುತ್ತಿದ್ದ ಅಣ್ಣ ತೀರಿಕೊಂಡ ಮೇಲೆ ಹಾಡೂ ನಿಂತಿತು. ಕೇಂದ್ರದಲ್ಲಿ ಹಾಡಿ ಬಂದಳೇ ಹೊರತು ತನ್ನ ದನಿ ಹೇಗಿದೆ ಎಂದು ಕೇಳಿದವಳಲ್ಲ, ಮನೆಯಲ್ಲಿ ರೇಡಿಯೋ ಇರಲಿಲ್ಲ.

ನೀಲಗಂಗವ್ವ ಗುಂಡಿ ಒತ್ತಿದಳು. ನನಗೆ ಶ್ರೀಪಾದರಾವ್ ಅವರ ಮುಖ ನೆನಪಾಗಿ ಹೆದರಿಕೆಯಾಯಿತು. ಮನುಷ್ಯರಿಗೆ ತಮ್ಮ ದನಿ ಸಹಿಸಲಾಗುವುದಿಲ್ಲ. ಕಾಶಮ್ಮ ಮಾತ್ರ ಮಾಲೆ ಕಟ್ಟುವುದನ್ನು ಬಿಡದೆ, ತುಟಿ ಅಲ್ಲಾಡಿಸುತ್ತ ಕೇಳಿದಳು. ಗಿರಣಿ ಎದ್ದಾಗ ಅವಳ ಕೈ ನಿಂತಿತು.

“ಇನ್ನೊಂದು ನುಡಿ ಇತ್ತ್ರಿ,” ಎಂದಳು.

ಈಗ ಹಾಡಿರಿ, ತುಂಬಿಕೊಳ್ಳುತ್ತೇನೆ ಎಂದು ನೀಲಗಂಗವ್ವ ಕೈಹಿಡಿದು ಬೇಡಿದಳು. ಕಾಶಮ್ಮ ತಲೆ ಅಲ್ಲಾಡಿಸಿದಳು. “ಇವತ್ತಿನ ದನಿ ತಂದು ಅದಕ್ಕ ಹಚ್ಚಬ್ಯಾಡ್ರಿ. ಅದು ಇದ್ದಂಗ ಇರ್ಲಿ.”

ಹಾಗಾದರೆ ನಿಮ್ಮ ಹೆಸರನ್ನಾದರೂ ಇದರಲ್ಲಿ ಹೇಳಿರಿ ಎಂದಳು ನೀಲಗಂಗವ್ವ. ನನ್ನ ಹೆಸರು ಕಟ್ಟಿಕೊಂಡು ಯಾರಿಗೆ ಏನಾಗಬೇಕಿದೆ ಎಂದು ಕಾಶಮ್ಮ ನಕ್ಕಳು.

“ನಮ್ಮ ಗಿರಣ್ಯಾಗ ಹೆಸರಿಲ್ಲದ ಡಬ್ಬಿ ಇಡೂದಿಲ್ರಿ ಅಕ್ಕಾರ,” ಎಂದಳು ನೀಲಗಂಗವ್ವ. ಅವಳ ಕಣ್ಣಲ್ಲಿ ನೀರು ಬಂದಿತ್ತು.

ಮತ್ತೆ ತುಂಬಲು ಬರುವಂತೆ ಕ್ಯಾಸೆಟ್ಟಿನ ಮುರಿದ ಹಲ್ಲಿನ ಜಾಗಕ್ಕೆ ಬಸ್ಸಿನ ಟಿಕೆಟ್ ಮಡಿಸಿ ತುರುಕಿದಳು. ಹುಸೇನಸಾಬನ ಮೂರು ಕರೆಂಟನ್ನೂ ಉಳಿಸಿಕೊಂಡು, ಅದರಾಚೆ ಬರೀ ಗಿರಣಿಯ ಸದ್ದಿದ್ದ ಜಾಗಕ್ಕೆ ಬಂದು ಕೆಂಪು ಗುಂಡಿ ಒತ್ತಿದಳು. ನಿರೂಪಕರ ಮಾತು ಬಂದರೆ ಗುಂಡಿ ಎತ್ತುತ್ತಿದ್ದ ಆ ಕೈ ಈಗ ಗುಂಡಿಯ ಮೇಲೆ ಕದಲದೆ ಕೂತಿತ್ತು. ಕಾಶಮ್ಮ ಗಂಟಲು ಸರಿ ಮಾಡಿಕೊಂಡು, ರೇಡಿಯೋದವರ ಹಾಗೆಯೇ ಹೇಳಿದಳು: “ಹಾಡಿದವರು ಕಾಶಮ್ಮ ಹೂಗಾರ, ಮುಂಡರಗಿ.” ಹಿಂದೆ ಎಲ್ಲೋ ಒಂದು ಸೈಕಲ್ ಗಂಟೆ ಬಾರಿಸಿತು. ಅದನ್ನೂ ಹಿಡಿದಿಟ್ಟಿದ್ದೇನೆ.

ಈಗ ನನಗೆ ವಯಸ್ಸಾಗಿದೆ. ಬೆಲ್ಟು ಸಡಿಲಾಗಿ ಹೋಯಿತು, ಅಂಥ ಬೆಲ್ಟು ಈಗ ಬರುವುದಿಲ್ಲ ಎಂದು ರಿಪೇರಿಯವನು ಕೈ ಚೆಲ್ಲಿದ. ನೀಲಗಂಗವ್ವ ಕಿವಿಗೆ ಮೊಬೈಲಿನ ವೈರು ಸಿಕ್ಕಿಸಿಕೊಂಡು ಗಿರಣಿ ನಡೆಯುವಾಗಲೂ ಹಾಡು ಕೇಳುತ್ತಾಳೆ. ಹೊಸಬರು ಸಿಕ್ಕರೆ ಈಗಲೂ ಗೋಡೆಗೇ ಬರೆಯುತ್ತಾಳೆ. ನಡುವಿನ ಆ ಗೇಣು ಜಾಗವೂ ತುಂಬಿದೆ. ನಾನು ಅದರ ಪಕ್ಕದ ಗೂಡಿನಲ್ಲಿ ಕೂತಿದ್ದೇನೆ, ಆ ಕ್ಯಾಸೆಟ್ಟು ನನ್ನ ಹೊಟ್ಟೆಯಲ್ಲೇ ಇದೆ.

ನಾನು ಕೊನೆಯ ಸಲ ಹಾಡಿದ್ದು ಚೆನ್ನಾಗಿ ನೆನಪಿದೆ. ಕರೆಂಟು ಹೋಗಿತ್ತು, ಕಾಶಮ್ಮನ ಹಾಡು ನಡೆದಿತ್ತು. ನಡುವೆಯೇ ಕರೆಂಟು ಬಂತು, ಬಾಗಿಲ ಬಲ್ಬು ಹತ್ತಿತು. ಡಬ್ಬಿ ಹಿಡಿದು ನಿಂತ ನಾಲ್ಕು ಜನ ಫಕ್ಕೀರಪ್ಪನ ಮುಖ ನೋಡಿದರು. ಅವನು ಹೋಗಿ ಮೋಟರಿನ ಗುಂಡಿಯ ಮೇಲೆ ಬೆರಳಿಟ್ಟ, ಒತ್ತಲಿಲ್ಲ. ಬೇಗ ಹಾಕಪ್ಪ ಎಂದು ಒಬ್ಬ ಗೊಣಗಿದ.

“ತಡೀರಿ,” ಎಂದ ಫಕ್ಕೀರಪ್ಪ, “ಆಕೀ ಹೆಸರು ಬರ್ಲಿ.”

ಹೆಸರು ಬಂತು, ಸೈಕಲ್ ಗಂಟೆಯೂ ಬಂತು. ಆಮೇಲೆ ಅವನು ಗಿರಣಿ ಹಚ್ಚಿದ.