ಅಕ್ಕನ ಕೈಗೊಂದು ಲೈನು

ಡ್ರಿಲ್ಲಿನ ಗರ್‌ಗರ್ ನಿಂತೇ ಹೋಯಿತಲ್ಲ, ಮತ್ತೆ ತಡೆದರೋ ಏನೋ, ಅವಳು ಚಪ್ಪಲಿ ಕೂಡ ಹಾಕದೆ ಮೆಟ್ಟಿಲಿಳಿದಳು — ಫೈಬರ್ ಬರಲಿ ಅಂತ ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ಎಲ್ಲರೂ ಹ್ಞೂಂ ಎಂದಾಗಿದೆ, ಕೆಳಮನೆಯ ಕನ್ನಡಕದಂಗಡಿಯವರೊಬ್ಬರದೇ ಕೊಕ್ಕೆ, ವೈರು ಮೇಲೆ ಬರಲು ಅವರ ಗೋಡೆ ಕೊರೆಯಬೇಕು, ಗೋಡೆಗೆ ಆತುಕೊಂಡು ಅವರ ಬೀರು, ಸರಿಸುವುದಿಲ್ಲವಂತೆ, ನೋಡೇಬಿಡೋಣ, ಇವತ್ತು ಲೈನು ಎಳೆಸಿಯೇ ಸಿದ್ಧ, ಕಿವಿ ಕೇಳದ, ಮಾತು ಬಾರದ ಅಕ್ಕ ಕೆಲಸಕ್ಕೆಂದು ಬೇರೆ ಊರಿಗೆ ಹೋದ ಮೇಲೆ ವಿಡಿಯೋ ಕಾಲೇ ಗತಿ, ಮನೆಯ ನೆಟ್ಟೋ ದೇವರಿಗೇ ಪ್ರೀತಿ, ಹೇಗಿದ್ದೀಯೇ ಅಕ್ಕಾ ಅಂತ ಕೈಯಲ್ಲಿ ಕೇಳಿದರೆ ಅಕ್ಕನ ಕೈ ಎದೆಯ ಮಟ್ಟಕ್ಕೆ ಏರಿ ಅಲ್ಲೇ ಕಲ್ಲಾಗುತ್ತದೆ, ಮೇಲೆ ಸುತ್ತುವ ಚಕ್ರ, ಆಮೇಲೊಂದು ಮೆಸೇಜು, ಚೆನ್ನಾಗಿದ್ದೀನಿ ಕಣೇ. ಬರೆಯುವಾಗ ಅಕ್ಕ ಎಂಥ ಸುಳ್ಳನ್ನಾದರೂ ಹೇಳಬಲ್ಲಳು, ಕೈಗೆ ಸುಳ್ಳು ಬರುವುದಿಲ್ಲ, ಲೋಟ ಒಡೆದದ್ದು ಯಾರೆಂದು ಅಮ್ಮ ಕೇಳಿದರೆ ಎರಡೂ ಕೈ ಬೆನ್ನ ಹಿಂದೆ ಬಚ್ಚಿಡುತ್ತಿದ್ದಳು, ಕಳ್ಳಿ — ಕನ್ನಡಕದವರು ಬಾಗಿಲಿಗೆ ಅಡ್ಡ ನಿಂತಿದ್ದಾರೆ, ನೋಡಮ್ಮಾ, ಇಷ್ಟು ವರ್ಷ ನನ್ನ ತಲೆ ಮೇಲೆ ನೀವು ಧಡಧಡ ಕಾಲು ಬಡಿದಿದ್ದು ಸಹಿಸ್ಕೊಂಡೆ, ಈಗ ಗೋಡೆ ಬೇರೆ ಕೊರೀಬೇಕಾ, ಅಯ್ಯೋ ಅಂಕಲ್, ಅದು ಅಕ್ಕನ್ನ ಕರೆಯೋದು, ಕೂಗಿದ್ರೆ ಕೇಳಲ್ವಲ್ಲ, ನೆಲ ಅದುರಿದ್ರೆ ತಿರುಗಿ ನೋಡ್ತಾಳೆ. ಇಷ್ಟು ವರ್ಷ ಯಾಕೆ ಹೇಳಲಿಲ್ಲ, ಇವರು ಕೇಳಲಿಲ್ಲ, ತಾವು ಹೇಳಲಿಲ್ಲ, ತಾವು ಇವರನ್ನು ಜಗಳಗಂಟ ಎಂದುಕೊಂಡದ್ದು, ಇವರು ತಮ್ಮನ್ನು ಕೊಬ್ಬಿದವರು ಎಂದುಕೊಂಡದ್ದು. ಕನ್ನಡಕ ತೆಗೆದು ಒರೆಸಿದರು, ಒರೆಸುತ್ತಲೇ ಇದ್ದರು, ಈಚೆಗೆ ಸದ್ದೇ ಇಲ್ಲ, ಆ ಮಗು ಊರಲ್ಲಿಲ್ವಾ, ಇಲ್ಲ ಅಂಕಲ್, ಅವಳನ್ನ ನೋಡೋಕೇ ಈ ಲೈನು, ಹಾಗಾದ್ರೆ ಹಿಡಿ ಆ ಕಡೆ, ಬಾಯಿ ಬಿಟ್ಕೊಂಡು ನಿಂತ್ರೆ ಬೀರು ತಾನಾಗೇ ನಡೆಯುತ್ತಾ — ಅಬ್ಬಾ ಏನು ಭಾರ, ಕಾಲ್ಬೆರಳು ಜಜ್ಜಿಹೋಯಿತು, ಹೋಗಲಿ, ಡ್ರಿಲ್ ಮತ್ತೆ ಗರ್ರೆಂದಿತು, ಇಷ್ಟು ಇಂಪಾದ ಸದ್ದನ್ನು ಅವಳು ಕೇಳಿಯೇ ಇರಲಿಲ್ಲ.

ಈಗ ರೂಟರಿನಲ್ಲಿ ಹಸಿರು ದೀಪ, ಅಕ್ಕನ ಮುಖ, ಗಲ್ಲದ ಮಚ್ಚೆ ಕೂಡ ಕಾಣುತ್ತಿದೆ, ಸಣ್ಣಗಾಗಿದ್ದಾಳಾ, ಹೇಗಿದ್ದೀಯೇ ಅಕ್ಕಾ, ಈಗ ಹೇಳು, ಅಕ್ಕನ ಕೈ ಏರಿತು, ಎದೆಯ ಮಟ್ಟಕ್ಕೆ ಬಂತು, ನಿಂತಿತು, ಥೂ, ಮತ್ತೆ ಹೋಯಿತಾ ಈ ನೆಟ್ಟು, ಕೇಬಲ್‌ನವನು ಗೇಟು ದಾಟುವ ಮೊದಲೇ ಹಿಡಿಯಬೇಕು, ಇಲ್ಲ, ಚಕ್ರ ಸುತ್ತುತ್ತಿಲ್ಲ, ಅಕ್ಕನ ಹಿಂದೆ ಕಿಟಕಿಯ ಪರದೆ ಗಾಳಿಗೆ ಆಡುತ್ತಿದೆ, ಅಕ್ಕ ರೆಪ್ಪೆ ಬಡಿದಳು, ಪರದೆ ಆಡುತ್ತಲೇ ಇದೆ, ಕೈ ಮಾತ್ರ ಎದೆಯ ಮಟ್ಟದಲ್ಲಿ, ಕೈ ಮಾತ್ರ —