ಕುರಿಗಾಹಿ ಬಾಲಕನ ಬಗ್ಗೆ ಲೇಖಕರ ಅಭಿಪ್ರಾಯ

"ಕುರಿ ಕಾಯೋನಿಗೆ ಅಭಿಪ್ರಾಯ ಬೇರೆ ಕೇಡು" ಎಂದು ಮಹೇಶ್ವರಪ್ಪ ಮೇಷ್ಟ್ರು ನನ್ನ ಉತ್ತರಪತ್ರಿಕೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಹೊನ್ನಾಳಿಯ ಆ ಟ್ಯುಟೋರಿಯಲ್‌ನಲ್ಲಿ ಎಸ್ಸೆಸ್ಸೆಲ್ಸಿ ಫೇಲಾದವರೆಲ್ಲ ಒಂದೇ ಕೋಣೆಯಲ್ಲಿ ಕೂರುತ್ತಿದ್ದೆವು. ಮೊದಲು ನಕ್ಕಿದ್ದು ಹುಡುಗಿಯರ ಬೆಂಚು.

"ಸಾ, ಇವ್ನು ಕಂಡಕ್ಟರ್ ಆದ್ರೆ ನಮ್ಮನ್ನೂ ಕುರಿ ಹೊಡ್ದಂಗೆ ಹುರ್ರಾ ಹುರ್ರಾ ಅಂತಾನೇ ಬಸ್ ಹತ್ತಿಸ್ತಾನೆ" ಎಂದ ಪಕ್ಕದ ಪಾಲಣ್ಣ. ಮೇಷ್ಟ್ರೂ ನಕ್ಕರು.

ಕಂಡಕ್ಟರ್ ಕೆಲಸಕ್ಕೆ ಎಸ್ಸೆಸ್ಸೆಲ್ಸಿ ಬೇಕಿತ್ತು. ಖಾಸಗಿಯಾಗಿ ಪರೀಕ್ಷೆ ಕಟ್ಟಿ ಬೇರೆ ವಿಷಯಗಳನ್ನೆಲ್ಲ ಪಾಸು ಮಾಡಿಕೊಂಡಿದ್ದೆ. ಉಳಿದದ್ದು ಕನ್ನಡ ಒಂದೇ. ಈ ಸಲವೂ ಹೋದರೆ ಆ ಕೆಲಸದ ವಯಸ್ಸು ಮೀರುತ್ತಿತ್ತು, ಭಾವ ಕೆಲಸ ಕೊಡಿಸಿದ ಇಲ್ಲಿನ ಅಕ್ಕಿ ಗಿರಣಿಯಲ್ಲಿ ಕೊನೆವರೆಗೂ ಮೂಟೆ ಹೊರುವುದೇ ಗತಿ.

ಅಭ್ಯಾಸ ಪರೀಕ್ಷೆಯಲ್ಲಿ ಪಠ್ಯದ ಒಂದು ಗದ್ಯಭಾಗ ಕೊಟ್ಟಿದ್ದರು. ಬಯಲಲ್ಲಿ ಕೊಳಲೂದುವ ಕುರಿಗಾಹಿ ಬಾಲಕನನ್ನು ಲೇಖಕರು ಕಾಣುತ್ತಾರೆ. 'ಇವನಿಗೇಕೆ ಪಾಠಶಾಲೆಯ ಗೋಡೆಗಳು? ಇವನ ವಿದ್ಯೆಯೆಲ್ಲ ಆಕಾಶದಲ್ಲಿದೆ' ಎನ್ನುತ್ತಾರೆ. ಲೇಖಕರ ಅಭಿಪ್ರಾಯವೇನು, ಬರೆಯಿರಿ. ಗೈಡಿನಲ್ಲಿ ಉತ್ತರವಿತ್ತು: ಪ್ರಕೃತಿಯ ಮಡಿಲಲ್ಲಿ ಬೆಳೆದ ಮಗುವಿನ ಮುಗ್ಧತೆಯನ್ನು ಮನೋಜ್ಞವಾಗಿ ಬಣ್ಣಿಸಿದ್ದಾರೆ. ಎಲ್ಲರೂ ಅದನ್ನೇ ಬರೆದಿದ್ದರು.

"ಬೀರಲಿಂಗಪ್ಪ, ನೀನ್ ಬರ್ದಿದ್ದು ನೀನೇ ಓದು."

ಓದಿದೆ. 'ಕುರಿ ಕಾಯುವ ಹುಡುಗ ಓದಬಾರದು ಎಂಬುದು ಲೇಖಕರ ಅಭಿಪ್ರಾಯ.'

"ಎಲ್ಲೈತೋ ಅದು?"

"ಮೊದಲ್ನೇ ಸಾಲಿನಾಗೈತೆ ಸಾ. ಮಗನ್ನ ಶಾಲೆಗೆ ಬಿಟ್ಟು ಬರುವಾಗ ಈ ಬಾಲಕನನ್ನು ಕಂಡೆ, ಅಂತ. ಅವ್ರ ಮಗ್ನಿಗೆ ಗೋಡೆ ಬೇಕು. ಇವ್ನಿಗೆ ಆಕಾಶ ಸಾಕು."

ಮೇಷ್ಟ್ರು ಕಾಗದ ನೋಡಲಿಲ್ಲ. "ಕೂತ್ಕ" ಎಂದರಷ್ಟೆ.

ನಾನು ಜಗಳೂರು ಕಡೆಯ ಸೊಕ್ಕೆಯವನು. ಭತ್ತದ ಕೊಯ್ಲು ಮುಗಿದರೆ ನಮ್ಮ ಮಂದೆ ಹೊನ್ನಾಳಿ, ನ್ಯಾಮತಿಯ ಗದ್ದೆಗಳಿಗೆ ಬರುತ್ತಿತ್ತು. ಗೊಬ್ಬರಕ್ಕೆಂದು ಗದ್ದೆಯವರು ರಾತ್ರಿ ಗದ್ದೆಯಲ್ಲೇ ಕುರಿ ತರುಬಿಸಿಕೊಂಡು, ಕೂಲಿಯಾಗಿ ಕಾಳು ಅಳೆಯುತ್ತಿದ್ದರು. ಅಪ್ಪನ ಕಾಲು ಊದಿದ ವರ್ಷ ಎಂಟನೇ ಕ್ಲಾಸು ಬಿಟ್ಟು ನಾನು ಮಂದೆಯ ಹಿಂದೆ ಹೋದೆ. ವಾಪಸು ಬಂದಾಗ ಹಾಜರಿಯಲ್ಲಿ ನನ್ನ ಹೆಸರು ಹೊಡೆದುಹಾಕಿದ್ದರು. ಕೊಳಲು ಊದಲಿಲ್ಲ ನಾನು. ಕಾಲುವೆ ಏರಿಯ ಮೇಲೆ ಕೂತು, ಕಾಳು ಕಟ್ಟಿಕೊಟ್ಟ ಹಳೇ ಪತ್ರಿಕೆಯ ಹಾಳೆಗಳನ್ನು ಓದುತ್ತಿದ್ದೆ. ಊಟ ತಂದ ಗದ್ದೆ ಯಜಮಾನ ಒಮ್ಮೆ ನೋಡಿ, "ನಿಂದೇ ಸುಖ ಕಣಪ್ಪ, ನಮ್ ಹುಡುಗ್ರಿಗೆ ಓದಿ ಓದಿ ತಲೆನೋವು" ಅಂದಿದ್ದ. ಆ ಮಾತಿನ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಕ್ಲಾಸು ಬಿಟ್ಟ ಮೇಲೆ ಮೇಷ್ಟ್ರು ನನ್ನೊಬ್ಬನನ್ನೇ ನಿಲ್ಲಿಸಿಕೊಂಡರು. ಕನ್ನಡಕ ತೆಗೆದು ಪಂಚೆಯಂಚಿನಲ್ಲಿ ಒರೆಸಿದರು.

"ಆ ಸಾಲು ನನಗೆ ಕಾಣ್ಲಿಲ್ಲ ಅಂದ್ಕಂಡ್ಯಾ? ಪಾಠ ಮಾಡೋ ಮೊದಲ್ನೇ ವರ್ಷವೇ ಕಂಡಿತ್ತು."

ಕನ್ನಡಕ ಮತ್ತೆ ಹಾಕಿಕೊಂಡರು.

"ಶಿವಮೊಗ್ಗಕ್ಕೆ ಪೇಪರ್ ತಿದ್ದಾಕೆ ಹೋಗ್ತೀನಿ. ಒಂದು ಸಲ ನಿನ್ನಂಗೇ ಒಬ್ಬ ಬರ್ದಿದ್ದ, ಅಕ್ಷರ ಎಲ್ಲ ಸೊಟ್ಟ. ಉತ್ತರಸೂಚಿಯಲ್ಲಿ ಮುಗ್ಧತೆ ಅಂತ ಐತೆ, ನಾನೇನ್ ಮಾಡ್ಲಿ. ಸೊನ್ನೆ ಹಾಕಿದೆ. ಪಾಸಿಗೆ ಒಂದೆರಡು ಮಾರ್ಕು ಕಮ್ಮಿ ಬಿದ್ದಿದ್ವು ಅವ್ನಿಗೆ."

ಹೊರಗೆ ಮೆಟ್ಟಿಲ ಮೇಲೆ ಪಾಲಣ್ಣ ಬಾಯಿಪಾಠ ಮಾಡುತ್ತಿದ್ದ. ಪ್ರಕೃತಿಯ ಮಡಿಲು, ಪ್ರಕೃತಿಯ ಮಡಿಲು.

"ಎಲ್ರ ಮುಂದೆ ಅಂದಿದ್ದು ತಪ್ಪೇ. ಆದ್ರೆ ಪೇಪರ್ ತಿದ್ದೋನು ನನ್ನಂಥೋನೇ ಕಣೋ. ಗೈಡಿನಾಗಿರೋದು ಬರ್ದು ಪಾಸಾಗು, ಬಸ್ ಹತ್ತು. ಆಮೇಲೆ ಯಾರಿಗೆ ಏನ್ ಬೇಕಾದ್ರೂ ಬೈಯ್ಕ." ಗೈಡನ್ನು ನನ್ನತ್ತ ಸರಿಸಿದರು. "ಸೋಮವಾರ ಪರೀಕ್ಷೆ. ಇದೇ ಬಂದ್ರೆ ಏನ್ ಬರೀತೀಯ, ಹೇಳು."

ಅವರ ಮುಖ ನೋಡಿದೆ. ಕ್ಲಾಸಿನಲ್ಲಿ ನನ್ನ ಮೇಲೆ ನಕ್ಕ ಮುಖವಾಗಿರಲಿಲ್ಲ ಅದು. ಅದೇ ಮುಖವಾಗಿದ್ದರೆ ಬೈದುಬಿಡುತ್ತಿದ್ದೆ.

"ಹೇಳೋ, ಬೀರಲಿಂಗ."

ಗೈಡು ಮುಟ್ಟದೆ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದೆ. ಪಾಲಣ್ಣ ಕಾಲು ಮಡಚಿ ದಾರಿ ಬಿಟ್ಟ. ಮೇಷ್ಟ್ರು ಮೇಲಿನಿಂದ ಇನ್ನೊಮ್ಮೆ ಕೂಗಿದರು. ನಾನು ಗಿರಣಿಯ ದಾರಿ ಹಿಡಿದು ನಡೆದೆ.